ಅಪ್ಪನ ಪುಸ್ತಕ, ತಂಗಿಯ ಲ್ಯಾಪ್‌ಟಾಪ್ ಮತ್ತು ಒಂದು ಕಂಟೇನರ್

ನಾನಿರೋದು ಠಾಣೆಯಲ್ಲಿ, ಕೆಲಸ ವಾಗ್ಳೆ ಎಸ್ಟೇಟ್‌ನಲ್ಲಿ. 1962ರಲ್ಲಿ ಎಂಐಡಿಸಿ ಶುರುವಾದಾಗಿನ ಕೈಗಾರಿಕಾ ಪ್ರದೇಶ ಇದು. ಈಗ ವರ್ಕ್‌ಶಾಪ್ ಪಕ್ಕದಲ್ಲೇ ಐಟಿ ಆಫೀಸು, ಅದರ ಪಕ್ಕ ಪ್ರಿಂಟಿಂಗ್ ಪ್ರೆಸ್.

ಅಪ್ಪನಿಗೆ 75 ತುಂಬೋ ಹೊತ್ತಿಗೆ ಅವರು ಬರೆದಿಟ್ಟ ನೆನಪುಗಳನ್ನ ಪುಸ್ತಕ ಮಾಡೋಣ ಅಂತ ಹೊರಟ್ವಿ. ನಾನು ಲೇಟೆಕ್‌ನಲ್ಲಿ ಜೋಡಿಸಿದೆ. ಕಲ್ಯಾಣದಲ್ಲಿರೋ ತಂಗಿ ತಿದ್ದಿ, ಪಿಡಿಎಫ್ ಮಾಡಿ ಪ್ರೆಸ್ಸಿಗೆ ಕಳಿಸಿದಳು. ಪ್ರೂಫ್ ನೋಡಿ ಅಪ್ಪ ಕೇಳಿದ್ರು: "ತಮ್ಮಾ, ಇದು ಯಾವ ಊರೋ?" ಹುಬ್ಬಳ್ಳಿ ಇರಬೇಕಾದ ಕಡೆ 'ಹುಬ್‌ಬಳ್‌ಳಿ' ಅಂತಿತ್ತು! ಪುಸ್ತಕದ ತುಂಬಾ ಒತ್ತಕ್ಷರಗಳೆಲ್ಲ ಬಿಡಿಬಿಡಿ.

ತಂಗಿಯದ್ದೇನೂ ತಪ್ಪಿರಲಿಲ್ಲ. ಅವಳ ಹತ್ರ ಹಳೇ ಟೆಕ್ ಲೈವ್ ಇತ್ತು. ಕನ್ನಡದ ಒತ್ತಕ್ಷರ ಸರಿಯಾಗಿ ಕೂರಿಸೋ ಹಾರ್ಫ್‌ಬಜ್, ಲುವಾಲೇಟೆಕ್ ಜೊತೆ ಸೇರಿದ್ದು 2020ರ ಆವೃತ್ತಿಯಲ್ಲಿ. ನನ್ನ ಕಡತದಲ್ಲಿ ಅದನ್ನ ಕೇಳೋ ಸಾಲು ಎರರ್ ಕೊಡ್ತು ಅಂತ ಅವಳು ತೆಗೆದುಹಾಕಿದ್ದಳು. ಅಷ್ಟೇ.

ಘೋಡ್‌ಬಂದರ್ ರಸ್ತೆಯಲ್ಲಿ ನ್ಹಾವಾ ಶೇವಾದಿಂದ ಬರೋ ಕಂಟೇನರ್ ಲಾರಿಗಳನ್ನ ದಿನಾ ನೋಡ್ತೀವಲ್ಲ. ಲಾರಿ ಯಾವುದಾದ್ರೂ ಆಗಲಿ, ಒಳಗಿನ ಸಾಮಾನು ಬದಲಾಗಲ್ಲ. ಡಾಕರ್ ಕಂಟೇನರ್ ಕೂಡ ಹಾಗೇನೇ. ಟೆಕ್ ಲೈವ್ ಪೂರ್ತಿ ತುಂಬಿದ ಇಮೇಜ್ ಡಾಕರ್ ಹಬ್‌ನಲ್ಲಿ ಸಿಗುತ್ತೆ. ಮೊದಲ ಸಲ ಕೆಲವು ಜಿಬಿ ಇಳಿಯುತ್ತೆ, ಮನೆಯ ವೈಫೈನಲ್ಲಿ ಮಾಡ್ಕೊಳ್ಳಿ. ಆಮೇಲೆ ನೆಟ್ಟೂ ಬೇಡ, ನಿಮ್ಮ ಕಡತ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಹೊರಗೂ ಹೋಗಲ್ಲ.

ನಾಲ್ಕು ಮಾತು ನೆನಪಿಡಿ.

ಒಂದು, 'ಲೇಟೆಸ್ಟ್' ಟ್ಯಾಗ್ ಬೇಡ, ಅದು ಬದಲಾಗ್ತಾ ಇರುತ್ತೆ. ವರ್ಷದ ಹೆಸರಿರೋ 'ಹಿಸ್ಟಾರಿಕ್' ಟ್ಯಾಗ್ ತಗೊಳ್ಳಿ. ನಾವಿಬ್ಬರೂ 2023ರದ್ದನ್ನ ಹಿಡಿದ್ವಿ.

ಎರಡು, ಪುಸ್ತಕದ ಫೋಲ್ಡರನ್ನ ಕಂಟೇನರಿಗೆ ಮೌಂಟ್ ಮಾಡಿ. ನಿಮ್ಮ ಯೂಸರ್ ಐಡಿಯನ್ನೂ ಕೊಡಿ. ಇಲ್ಲಾಂದ್ರೆ ಲಿನಕ್ಸ್‌ನಲ್ಲಿ ಪಿಡಿಎಫ್ ರೂಟ್ ಹೆಸರಲ್ಲಿ ಹುಟ್ಟುತ್ತೆ.

ಮೂರು, ಫಾಂಟ್. ಕಂಟೇನರಿಗೆ ನಿಮ್ಮ ಲ್ಯಾಪ್‌ಟಾಪಿನ ಫಾಂಟ್ ಕಾಣಲ್ಲ. ನೋಟೋ ಸೆರಿಫ್ ಕನ್ನಡದ ಕಡತವನ್ನ ಪುಸ್ತಕದ ಫೋಲ್ಡರಲ್ಲೇ ಇಟ್ಟು, ಅದರ ದಾರಿ ಬರೀರಿ. ರೆಂಡರರ್ ಹಾರ್ಫ್‌ಬಜ್, ಸ್ಕ್ರಿಪ್ಟ್ ಕನ್ನಡ ಅಂತ ಹೇಳೋದು ಮರೀಬೇಡಿ.

ನಾಲ್ಕು, ಒಳಗೆ ಲೇಟೆಕ್‌ಎಂಕೆಯನ್ನ 'ಪಿವಿಸಿ' ಆಯ್ಕೆ ಕೊಟ್ಟು ಓಡಿಸಿ, ಪಿಡಿಎಫ್ ತೆರೆಯೋದನ್ನ 'ವ್ಯೂ ನನ್' ಅಂತ ಆಫ್ ಮಾಡಿ. ಅದು ಕಡತ ಬದಲಾಯ್ತಾ ಅಂತ ಎರಡೆರಡು ಸೆಕೆಂಡಿಗೆ ನೋಡ್ತಾ ಕೂತಿರುತ್ತೆ. ನೀವು ಸೇವ್ ಒತ್ತಿದ್ರೆ ಸಾಕು, ಪರಿವಿಡಿ, ಪುಟಸಂಖ್ಯೆ ಸರಿಹೋಗೋಕೆ ಎಷ್ಟು ಸಲ ಬೇಕೋ ಅಷ್ಟು ಸಲ ಅದೇ ಓಡಿಸಿ ಹೊಸ ಪಿಡಿಎಫ್ ಕೊಡುತ್ತೆ.

ಈ ಉದ್ದದ ಆಜ್ಞೆಯನ್ನ ಒಂದು ಸಣ್ಣ ಸ್ಕ್ರಿಪ್ಟಿಗೆ ಹಾಕಿ ತಂಗಿಗೆ ಕಳಿಸಿದೆ. ಅವಳು ಅದನ್ನ ಓಡಿಸಿದಳು, ನನ್ನ ಪುಟವೂ ಅವಳ ಪುಟವೂ ಒಂದೇ ಥರ ಬಂತು. ಎರಡನೇ ಪ್ರೂಫ್ ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಮೊದಲ ಪುಟದ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದ್ರು: "ಹುಬ್ಬಳ್ಳಿ."

ಆಮೇಲೆ ಪುಟ ತಿರುವಿದ್ರು.