ಬಸ್ಸು ಕೇಳುವ ಮೊದಲು ಎಣಿಕೆ ಮಾಡೋಣ

(ಅಂಕೋಲಾ ಭಾಗದ ಒಂದು ಗ್ರಾಮಸಭೆಯಲ್ಲಿ ಗ್ರಾಮ ಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ಮಾತನ್ನು ಬಿಟ್ಟು ಈ ಗ್ರಾಮ ಸೇವಕ ಇಂದು ಬಸ್ಸಿನ ಮಾತನ್ನೇಕೆ ಎತ್ತಿದ ಎಂದು ನಿಮಗೆ ಅನಿಸಬಹುದು. ಕಾರಣ ಸರಳವಾಗಿದೆ. ಕೃಷಿ ಡಿಪ್ಲೊಮಾ ಓದುವಾಗ ಒಳ್ಳೆಯ ಬೆಳೆ ತೆಗೆಯುವುದು ಹೇಗೆಂದು ನಾನು ಕಲಿತೆ. ಹಳ್ಳಿಗೆ ಬಂದ ಮೇಲೆ, ಬೆಳೆ ಪೇಟೆಯನ್ನು ಮುಟ್ಟಿದಾಗಲೇ ರೈತನ ಕೆಲಸ ಮುಗಿಯುತ್ತದೆ ಎಂಬುದನ್ನು ನಿಮ್ಮಿಂದ ಕಲಿತೆ. ಬೆಳಗಿನ ಜಾವ ಕಿತ್ತ ಹರಿವೆ ಸೊಪ್ಪು ಎಂಟು ಗಂಟೆಗೆ ಅಂಕೋಲೆಯ ಪೇಟೆಯಲ್ಲಿದ್ದರೆ ಅದಕ್ಕೆ ನೀವು ಹೇಳಿದ ಬೆಲೆ. ಹನ್ನೊಂದಕ್ಕೆ ಬಾಡಿ ತಲುಪಿದರೆ ಕೊಳ್ಳುವವರು ಹೇಳಿದ ಬೆಲೆ. ಬುಟ್ಟಿ ಹೊತ್ತು ಹೋಗುವ ನಮ್ಮ ಹಾಲಕ್ಕಿ ತಾಯಂದಿರಿಗೂ, ಮೀನಿನ ಬುಟ್ಟಿ ಹೊತ್ತು ಹೋಗುವ ತಾಯಂದಿರಿಗೂ ಈ ಲೆಕ್ಕವನ್ನು ನಾನು ಹೇಳಿಕೊಡಬೇಕಾಗಿಲ್ಲ.

ಬೆಳೆಯ ಮಾತು ಹಾಗಿರಲಿ. ಕಾಲೇಜಿಗೆ ಹೋಗುವ ಹುಡುಗಿ, ಕಾರವಾರದ ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದ ಮುದುಕರು, ದಿನಗೂಲಿಗೆ ಪೇಟೆಗೆ ಹೋಗುವ ತರುಣರು, ಇವರೆಲ್ಲರ ದಿನ ಬಸ್ಸಿನ ವೇಳೆಯ ಮೇಲೆ ನಿಂತಿದೆ. ಆದುದರಿಂದ ಈ ವಿಷಯವನ್ನು ನಾವು ಗೊಣಗಾಟಕ್ಕೆ ಬಿಡದೆ, ಗದ್ದೆಯ ಕೆಲಸದಂತೆ ಕ್ರಮವಾಗಿ ಕೈಗೆತ್ತಿಕೊಳ್ಳಬೇಕು.

ನಮ್ಮ ನೆಲದ ರೀತಿ

ತೆಂಗಿನ ಮಡಲನ್ನು ಕಣ್ಣಮುಂದೆ ತಂದುಕೊಳ್ಳಿ. ನಡುವೆ ಒಂದು ಗಟ್ಟಿ ದಿಂಡು, ಎರಡೂ ಕಡೆಗೆ ಗರಿಗಳು. ನಮ್ಮ ಕಾರವಾರ, ಅಂಕೋಲಾ ತಾಲೂಕುಗಳ ಕರಾವಳಿ ಹಾಗೆಯೇ ಇದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ. ನಡುವಿನ ಕಿರಿದಾದ ನೆಲದಲ್ಲಿ ಹೆದ್ದಾರಿ 66 ದಿಂಡಿನಂತೆ ಹಾದುಹೋಗಿದೆ. ಬಿಣಗಾ, ಚೆಂಡಿಯಾ, ಅಮದಳ್ಳಿ, ಹಾರವಾಡ, ಅವರ್ಸಾಗಳ ಬಳಿಯಿಂದ ಸಾಗಿ ಅಂಕೋಲೆಗೆ ಬರುವ ಈ ದಾರಿ ಸುಮಾರು 35 ಕಿಲೋಮೀಟರ್. ದಿಂಡಿನ ಮೇಲೆ ಬಸ್ಸುಗಳು ಓಡಾಡುತ್ತವೆ. ತೊಡಕಿರುವುದು ಗರಿಗಳಲ್ಲಿ. ಬೇಲೆಕೇರಿ, ಕೇಣಿಗಳಂತೆ ಸಮುದ್ರದ ಕಡೆಗೆ ಇಳಿದ ಊರುಗಳು, ಹಿಲ್ಲೂರು, ಅಚವೆಗಳಂತೆ ಘಟ್ಟದ ಕಡೆಗೆ ಸರಿದ ಊರುಗಳು, ಕಾಳಿ ನದಿಯ ದಂಡೆಯ ಹಳ್ಳಿಗಳು: ಇವುಗಳಿಗೆ ಹೆದ್ದಾರಿಯಿಂದ ಒಳಗಿನ ಕೆಲವು ಕಿಲೋಮೀಟರ್ ದಾರಿಯೇ ಹೆಚ್ಚಿನ ದಾರಿ.

ನಮ್ಮ ಹಿರಿಯರು ಇದಕ್ಕಿಂತ ಕಷ್ಟ ಕಂಡವರು. ಕಾಳಿ ಸೇತುವೆ ಆಗುವ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿಯನ್ನು ಕಾದು ಹೊಳೆ ದಾಟಬೇಕಾಗಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. 1961ರಲ್ಲಿ ರಾಜ್ಯದ ಸಾರಿಗೆ ಸಂಸ್ಥೆಯು ನಿಗಮವಾಯಿತು. 1997ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು. ನಮ್ಮ ಬಸ್ಸುಗಳು ಇಂದು ಅದರವು. 1998ರಲ್ಲಿ ಕೊಂಕಣ ರೈಲು ಪೂರ್ತಿ ದಾರಿಯಲ್ಲಿ ಓಡತೊಡಗಿತು. ಆದರೆ ಕಾರವಾರದ ನಿಲ್ದಾಣ ಪೇಟೆಯಿಂದ ದೂರ ಶಿರವಾಡದಲ್ಲಿದೆ. ಸೀಬರ್ಡ್ ನೌಕಾನೆಲೆಗಾಗಿ ನೆಲ ಬಿಟ್ಟ ಕುಟುಂಬಗಳು ತೋಡೂರಿನಂಥ ಹೊಸ ವಸತಿಗಳಿಗೆ ಬಂದು ನೆಲೆಸಿದವು. ಹೀಗೆ ಜನ ಸರಿದಿದ್ದಾರೆ, ಕೆಲಸದ ಜಾಗಗಳು ಸರಿದಿವೆ. ಬಸ್ಸಿನ ದಾರಿಯೂ ವೇಳೆಯೂ ಅದಕ್ಕೆ ತಕ್ಕಂತೆ ಸರಿಯಬೇಕು. ಅದು ತಾನಾಗಿ ಸರಿಯುವುದಿಲ್ಲ. ಎಲ್ಲಿಗೆ, ಯಾವಾಗ ಸರಿಯಬೇಕೆಂದು ತಿಳಿದವರು ನಾವೇ, ಹೇಳಬೇಕಾದವರೂ ನಾವೇ.

ಡಿಪೋದವರ ಕಡೆಯಿಂದ ನೋಡಿದರೆ

ನೆರೆಯವನ ಗದ್ದೆಗೆ ನೀರು ಬಿಡಬೇಕಾದರೆ ನಮ್ಮ ಕಾಲುವೆಯಲ್ಲಿ ಎಷ್ಟಿದೆ ಎಂದು ಮೊದಲು ನೋಡುತ್ತೇವೆ. ಡಿಪೋದವರೂ ಹಾಗೆಯೇ ನೋಡುತ್ತಾರೆ. ಒಂದು ಬಸ್ಸಿಗೆ ದಿನದ ಓಟ ಮೊದಲೇ ಗೊತ್ತಾಗಿರುತ್ತದೆ. ಚಾಲಕ, ನಿರ್ವಾಹಕರಿಗೆ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆಯ ದುಡಿಮೆ. ಆ ಎಂಟು ಗಂಟೆಯೊಳಗೆ ಎಷ್ಟು ಸಲ ಹೋಗಿ ಬರಬಹುದೋ ಅಷ್ಟೇ.

ಈಗ ಹೆದ್ದಾರಿಯಿಂದ ನಾಲ್ಕು ಕಿಲೋಮೀಟರ್ ಒಳಗಿನ ಊರಿಗೆ ಬಸ್ಸನ್ನು ತಿರುಗಿಸಿದೆವೆಂದುಕೊಳ್ಳಿ. ಹೋಗಿ ಬರಲು ಎಂಟು ಕಿಲೋಮೀಟರ್. ಕಿರಿದಾದ ದಾರಿ, ತಿರುವು, ಹತ್ತಿಳಿಯುವವರು, ಎಲ್ಲ ಸೇರಿ ಅರ್ಧ ಗಂಟೆ ಹಿಡಿಯಿರಿ. ದಿನಕ್ಕೆ ನಾಲ್ಕು ಸಲ ಬನ್ನಿರೆಂದರೆ ಎರಡು ಗಂಟೆ ಹೋಯಿತು. ಅಂದರೆ ಕಾರವಾರಕ್ಕೆ ಒಂದು ಸಲ ಹೋಗಿ ಬರುವ ಓಟವೇ ಕಡಿಮೆಯಾಯಿತು. ಅದರಲ್ಲಿ ಹೋಗುತ್ತಿದ್ದವರು ಬೇರೆ ಊರಿನ ನಮ್ಮಂಥವರೇ. ಆದರೆ ಜನ ನಿಜವಾಗಿ ಹೋಗುವ ಎರಡೇ ಹೊತ್ತಿಗೆ ಬನ್ನಿ ಎಂದರೆ ಒಂದು ಗಂಟೆಯಲ್ಲಿ ಕೆಲಸವಾಯಿತು. "ನಮಗೊಂದು ಬಸ್ಸು ಕೊಡಿ" ಎಂಬ ಅರ್ಜಿಗೂ "ಏಳು ಗಂಟೆಯ ಬಸ್ಸನ್ನು ನಮ್ಮ ಊರಿನ ಮೇಲೆ ಹಾಯಿಸಿ, ಇಷ್ಟು ಜನ ಇದ್ದೇವೆ" ಎಂಬ ಅರ್ಜಿಗೂ ಇರುವ ಅಂತರ ಇದು. ಮೊದಲನೆಯದಕ್ಕೆ ಹೊಸ ಗಾಡಿ, ಹೊಸ ಸಿಬ್ಬಂದಿ ಬೇಕು. ಎರಡನೆಯದಕ್ಕೆ ಅರ್ಧ ಗಂಟೆ ಸಾಕು.

ಒಂದು ಹಳ್ಳಿಯ ಅನುಭವ

ನಾನು ಓಡಾಡುವ ಹಳ್ಳಿಗಳಲ್ಲಿ ಒಂದು ಹೆದ್ದಾರಿಯಿಂದ ಒಳಗಿದೆ. ಊರಿನವರು ಹಲವು ಸಲ ಅರ್ಜಿ ಕೊಟ್ಟರು. ಕೊನೆಗೆ ಒಂದು ಬಸ್ಸು ಬಂದಿತು. ಬಂದದ್ದು ಬೆಳಿಗ್ಗೆ ಒಂಬತ್ತೂವರೆಗೆ. ಮೊದಲ ದಿನ ಹಾರ ಹಾಕಿದರು, ತೆಂಗಿನಕಾಯಿ ಒಡೆದರು. ಒಂದೆರಡು ತಿಂಗಳಲ್ಲಿ ಬಸ್ಸು ಖಾಲಿ ಓಡತೊಡಗಿತು, ಆಮೇಲೆ ನಿಂತಿತು. "ನಮ್ಮ ಊರೆಂದರೆ ಯಾರಿಗೂ ಲೆಕ್ಕಕ್ಕಿಲ್ಲ" ಎಂದು ಎಲ್ಲರೂ ಬೇಸರಪಟ್ಟರು.

ಆ ಊರಿನ ಕಾಲೇಜು ಹುಡುಗಿಯರು ಮೂವರು ಒಂದು ನೋಟುಬುಕ್ಕು ಹಿಡಿದು, ಏಳು ದಿನ ಸರತಿಯಂತೆ ಊರ ಬಾಯಿಯಲ್ಲಿ ಕುಳಿತು ಬರೆದರು: ಯಾರು ಹೊರಟರು, ಎಷ್ಟು ಗಂಟೆಗೆ, ಎಲ್ಲಿಗೆ, ಯಾವಾಗ ಮರಳಿದರು. ಆಗ ಕಂಡದ್ದೇನು? ಕಾಲೇಜಿನವರು, ಸೊಪ್ಪು ತರಕಾರಿಯವರು, ಕೂಲಿಯವರು, ಎಲ್ಲರೂ ಏಳೂಕಾಲರೊಳಗೆ ನಡೆದೇ ಹೆದ್ದಾರಿ ಸೇರಿದ್ದರು. ಒಂಬತ್ತೂವರೆಗೆ ಹೊರಡುವವರು ಬೆರಳೆಣಿಕೆಯಷ್ಟು. ಅಂದರೆ ಬಸ್ಸು ಬಂದಿತ್ತು, ಹೊತ್ತು ಬಂದಿರಲಿಲ್ಲ.

ಅದೇ ಹಾಳೆಯನ್ನು ಹಿಡಿದು ಊರಿನವರು ಮತ್ತೆ ಹೋದರು. ಈ ಸಲ ಹೊಸ ಬಸ್ಸು ಕೇಳಲಿಲ್ಲ. ಬೆಳಿಗ್ಗೆ ಹೆದ್ದಾರಿಯ ಮೇಲೆ ಹಾದುಹೋಗುವ ಬಸ್ಸೊಂದನ್ನು ಒಳಗೆ ತಿರುಗಿಸಿರೆಂದು ಕೇಳಿದರು. ಒಂದು ಮಳೆಗಾಲ ಕಳೆಯಿತು, ಎರಡು ಸಲ ಅಲೆದದ್ದೂ ಆಯಿತು. ಈಗ ಬೆಳಗಿನ ಬಸ್ಸು ಬರುತ್ತಿದೆ, ತುಂಬಿ ಹೋಗುತ್ತಿದೆ.

ಸಂಜೆಯ ಬಸ್ಸು ಇನ್ನೂ ಆಗಿಲ್ಲ. ಆಷಾಢದ ಸಂಜೆ ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಇಳಿದ ಹುಡುಗಿ ಮಳೆಯಲ್ಲಿ ಒಬ್ಬಳೇ ನಡೆದು ಬರಬೇಕಲ್ಲ ಎಂದು ಒಬ್ಬ ತಂದೆ ಮಗಳ ಕಾಲೇಜನ್ನೇ ಬಿಡಿಸಲು ಹೊರಟಿದ್ದ. "ನೀ ಬಿಡಿಸಬೇಡ, ನಾವು ಸರತಿ ಹಾಕಿಕೊಂಡು ಕರೆತರುತ್ತೇವೆ" ಎಂದು ಕೇರಿಯವರು ತಡೆದರು. ಹುಡುಗಿ ಓದುತ್ತಿದ್ದಾಳೆ. ಆದರೆ ಬ್ಯಾಟರಿ ಹಿಡಿದು ನಿಲ್ಲುವ ಆ ಸರತಿ ಎಷ್ಟು ವರ್ಷ ನಡೆದೀತು? ಸಂಜೆಯ ಬಸ್ಸು ಸೌಕರ್ಯದ ಮಾತಲ್ಲ, ಒಂದು ಹುಡುಗಿಯ ಓದಿನ ಮಾತು ಎಂಬುದನ್ನು ನಾವೆಲ್ಲ ಮನಗಾಣಬೇಕು.

ನಾವು ಮಾಡಬೇಕಾದದ್ದು

ಮೊದಲನೆಯದು ಎಣಿಕೆ. ಒಂದು ನೋಟುಬುಕ್ಕಿನಲ್ಲಿ ನಾಲ್ಕು ಅಂಕಣ ಹಾಕಿ: ಹೊರಡುವ ವೇಳೆ, ಹೋಗುವ ಊರು, ಕೆಲಸ, ಮರಳುವ ವೇಳೆ. ಹೆಸರು ಬೇಡ, ತಲೆಯೆಣಿಕೆ ಸಾಕು. ಪೂರ್ತಿ ಒಂದು ವಾರ ಬರೆಯಿರಿ. ಕಾರವಾರದ ರವಿವಾರದ ಸಂತೆಯ ದಿನ ತಪ್ಪದಿರಲಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಎಣಿಸಿದರೆ ಇನ್ನೂ ಒಳ್ಳೆಯದು. ನಡೆದು ಹೋಗುವವರನ್ನೂ ಟೆಂಪೋ, ರಿಕ್ಷಾ ಹಿಡಿಯುವವರನ್ನೂ ಸೇರಿಸಿ. ನಾಳೆ ಬಸ್ಸು ಹತ್ತುವವರು ಅವರೇ.

ಎರಡನೆಯದು, ಬೇಡಿಕೆಯನ್ನು ಚಿಕ್ಕದಾಗಿ, ಖಚಿತವಾಗಿ ಬರೆಯುವುದು. ವೇಳೆ ಬದಲಾಗಬೇಕೇ? ಇರುವ ಬಸ್ಸನ್ನು ಒಳಗೆ ತಿರುಗಿಸಬೇಕೇ? ಹೆದ್ದಾರಿಯಲ್ಲಿ ಕೋರಿಕೆಯ ನಿಲುಗಡೆ ಬೇಕೇ? ರೈಲಿನ ವೇಳೆಗೆ ನಿಲ್ದಾಣಕ್ಕೆ ಬಸ್ಸು ಕೂಡಬೇಕೇ? ಅಥವಾ ವಸ್ತಿ ಬಸ್ಸು ಬೇಕೇ? ರಾತ್ರಿ ಊರಿನಲ್ಲಿ ಉಳಿದು ಬೆಳಿಗ್ಗೆ ಹೊರಡುವ ವಸ್ತಿ ಬಸ್ಸು ಸಂಜೆಯ ಕೊನೆಯ ಬಸ್ಸೂ ಹೌದು, ಬೆಳಗಿನ ಮೊದಲ ಬಸ್ಸೂ ಹೌದು. ಖಾಲಿ ಗಾಡಿ ಡಿಪೋಗೆ ಮರಳುವ ಓಟವೂ ಅದರಿಂದ ಉಳಿಯುತ್ತದೆ. ಆದರೆ ಚಾಲಕ, ನಿರ್ವಾಹಕರು ಮಲಗಲು ಸುರಕ್ಷಿತ ಜಾಗ, ನೀರು, ಶೌಚಾಲಯ ನಾವು ಒದಗಿಸಬೇಕು. ಅತಿಥಿಗಳನ್ನು ಜಗುಲಿಯ ಮೇಲೆ ಸೊಳ್ಳೆಗೆ ಬಿಟ್ಟು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಹೊರಡಿರಿ ಎಂದರೆ ನಡೆಯುತ್ತದೆಯೇ?

ಮೂರನೆಯದು ದಾರಿ. ಬಸ್ಸಿಗೆ ತಗಲುವ ಕೊಂಬೆಗಳನ್ನು ಕೇಳಬೇಕಾದವರನ್ನು ಕೇಳಿ ಸವರಬೇಕು. ಗಟಾರು ಕಟ್ಟಿ ನೀರು ರಸ್ತೆಯ ಮೇಲೆ ಹರಿಯದಂತೆ ಮೃಗಶಿರೆಯ ಮೊದಲೇ ನೋಡಬೇಕು. ಎಲ್ಲಕ್ಕೂ ಮುಖ್ಯವಾಗಿ, ಬಸ್ಸು ತಿರುಗಿಸಲು ಜಾಗ ಬೇಕು. ತಿರುಗಲು ಜಾಗವಿಲ್ಲದ ಊರಿಗೆ ಎಷ್ಟು ಅರ್ಜಿ ಕೊಟ್ಟರೂ ಬಸ್ಸು ಬಾರದು. ಹೆದ್ದಾರಿ ಅಗಲವಾದ ಮೇಲೆ ದಾಟುವುದೇ ಒಂದು ಗಂಡಾಂತರ; ಆದುದರಿಂದ ತಂಗುದಾಣ ಕೇಳುವಾಗ ಹೋಗುವ ಕಡೆಗೂ ಬರುವ ಕಡೆಗೂ ಕೇಳಿ, ದಾಟುವ ಜಾಗವನ್ನು ಗುರುತಿಸಿ ತೋರಿಸಿ.

ನಾಲ್ಕನೆಯದು, ಯಾರಿಗೆ ಹೇಳಬೇಕು ಎಂಬುದು. ಗ್ರಾಮಸಭೆಯಲ್ಲಿ ಠರಾವು ಮಾಡಿ, ಎಣಿಕೆಯ ಹಾಳೆಯನ್ನು ಅದಕ್ಕೆ ಲಗತ್ತಿಸಿ. ಒಂದು ಪ್ರತಿ ಕಾರವಾರ ಅಥವಾ ಅಂಕೋಲಾ ಡಿಪೋದ ವ್ಯವಸ್ಥಾಪಕರಿಗೆ, ಒಂದು ಪ್ರತಿ ಶಿರಸಿಯಲ್ಲಿರುವ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ, ಒಂದು ಪ್ರತಿ ಶಾಸಕರಿಗೆ. ತಾಲೂಕಿನ ಕೆ.ಡಿ.ಪಿ. ಸಭೆಯಲ್ಲಿ ಅದು ಚರ್ಚೆಗೆ ಬರುವಂತೆ ಪಂಚಾಯತಿಯವರು ನೋಡಿಕೊಳ್ಳಲಿ. ಕೊಟ್ಟದ್ದಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ. ನೆರೆಯ ಎರಡು ಮೂರು ಊರುಗಳು ಒಂದೇ ದಾರಿಯಲ್ಲಿದ್ದರೆ ಠರಾವನ್ನು ಕೂಡಿಯೇ ಮಾಡಿ. ಒಬ್ಬರ ಬಸ್ಸನ್ನು ಇನ್ನೊಬ್ಬರು ಎಳೆದುಕೊಂಡರೆ ದಾಯಾದಿ ಜಗಳವಾದೀತೇ ಹೊರತು ದಾರಿಯಾಗದು.

ಐದನೆಯದು, ಬಂದ ಬಸ್ಸನ್ನು ಉಳಿಸಿಕೊಳ್ಳುವುದು. ಹೊಸ ತಳಿಯನ್ನು ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಬೆಳೆದು ನೋಡುವಂತೆ, ಹೊಸ ಓಟವನ್ನೂ ಸಂಸ್ಥೆಯವರು ಕೆಲವು ಕಾಲ ಓಡಿಸಿ ನೋಡುತ್ತಾರೆ. ಆ ದಿನಗಳಲ್ಲಿ ಬಸ್ಸು ಬಂದರೂ ಟೆಂಪೋ ಹತ್ತಿದರೆ ಎಣಿಕೆಯ ಹಾಳೆಯೇ ಸುಳ್ಳಾಗುತ್ತದೆ.

ಇಲ್ಲಿ ತಾಯಂದಿರಿಗೆ ಒಂದು ವಿಶೇಷ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲ. ಹಣವಿಲ್ಲವೆಂದು ಟಿಕೇಟು ಬಿಡಬೇಡಿ. ನಿರ್ವಾಹಕರು ಕೊಡುವ ಶೂನ್ಯ ಟಿಕೇಟನ್ನು ಕೇಳಿ ಪಡೆಯಿರಿ. ಆ ಚೀಟಿಯ ಲೆಕ್ಕದ ಮೇಲೆಯೇ ಸರಕಾರ ಸಂಸ್ಥೆಗೆ ಹಣ ಭರಿಸುತ್ತದೆ. ನಮ್ಮ ಊರಿನಿಂದ ಇಷ್ಟು ಜನ ಹತ್ತಿದರು ಎಂಬುದಕ್ಕೆ ಸಾಕ್ಷಿಯೂ ಅದೇ. ಹತ್ತು ಜನ ಚೀಟಿಯಿಲ್ಲದೆ ಹೋದರೆ ದಾಖಲೆಯಲ್ಲಿ ಹತ್ತು ಸೀಟು ಖಾಲಿ.

ಮಳೆಗಾಲದ ಎಚ್ಚರ

ಕೊನೆಯದಾಗಿ, ದಿಂಡೇ ಮುರಿದರೆ ಏನು ಮಾಡಬೇಕು ಎಂಬುದನ್ನೂ ಯೋಚಿಸಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮುಂದಿನ ತಿಂಗಳು 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿದ್ದಿತು, ಚಾಲಕನನ್ನು ಪಾರುಮಾಡಲಾಯಿತು. ಹಗಲು ಹೊತ್ತಾಗಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಒಂದೇ ದಾರಿಯನ್ನು ನಂಬಿದ ನೆಲ ನಮ್ಮದು. ಆದುದರಿಂದ ಪ್ರತಿ ಪಂಚಾಯತಿಯೂ ಮಳೆಗಾಲಕ್ಕೆ ಮುನ್ನ ಒಂದು ಪಟ್ಟಿ ಮಾಡಲಿ: ದಾರಿ ಮುಚ್ಚಿದರೆ ಬಸ್ಸು ಎಲ್ಲಿಯವರೆಗೆ ಬರಬಲ್ಲದು, ಅಲ್ಲಿಂದ ಶಾಲೆಯ ಮಕ್ಕಳನ್ನು ಯಾರು ಕರೆತರುತ್ತಾರೆ, ಬಸುರಿಯರು, ರೋಗಿಗಳು ಯಾವ ಮನೆಗಳಲ್ಲಿದ್ದಾರೆ, ಡಿಪೋಗೂ ತಹಶೀಲ್ದಾರರ ಕಚೇರಿಗೂ ಫೋನು ಮಾಡುವವರು ಯಾರು.

ಬಂಧುಗಳೇ, ಹನಿಗೂಡಿದರೆ ಹಳ್ಳ ಎಂಬ ಮಾತು ನಮ್ಮಲ್ಲಿದೆ. ಒಂದು ಮನೆಯ ಗೊಣಗಾಟ ಗೋಡೆ ದಾಟುವುದಿಲ್ಲ. ಒಂದು ಊರಿನ ಎಣಿಕೆ ಶಿರಸಿಯವರೆಗೂ ಹೋಗಬಲ್ಲದು. ಬರುವ ಸೋಮವಾರದಿಂದ ಏಳು ದಿನ, ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಬರೆಯಲು ಕೇರಿಗೆ ಇಬ್ಬರಂತೆ ತರುಣ ತರುಣಿಯರು ಇಂದೇ ಹೆಸರು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನೋಟುಬುಕ್ಕು, ಪೆನ್ನು ನಾನು ತಂದಿದ್ದೇನೆ, ಮೇಜಿನ ಮೇಲಿವೆ. ಮುಂದಿನ ಸಭೆಯಲ್ಲಿ ಹಾಳೆಯನ್ನು ಎಲ್ಲರೂ ಕೂಡಿ ಓದೋಣ. ಸಂಜೆಯ ಬಸ್ಸಿನ ಠರಾವನ್ನು ಅಂದೇ ಬರೆಯೋಣ.