ಹಿತ್ತಲ ಮರದ ಹೆಜ್ಜಾರ್ಲೆ



ಊರವರೇ ಸೇರಿ ನಿಸರ್ಗವನ್ನು ಕಾಯುತ್ತಾರೆ ಎಂದಾಗ ದೇವರಕಾಡು, ಗೋಮಾಳ, ಕೆರೆ ನೆನಪಾಗುತ್ತವೆ. ಇವತ್ತು ನಾನು ಮಾತಿಗೆ ತೆಗೆದುಕೊಂಡಿರುವ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಕಾಡೇ ಇಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಗೂಡು ಕಟ್ಟುವುದು ಮನೆಯ ಹಿತ್ತಲಲ್ಲಿ, ಬೀದಿಯ ಬದಿಯಲ್ಲಿ ನಿಂತ ಹುಣಸೆ, ಗೋಣಿ, ಅರಳಿ ಮರಗಳಲ್ಲಿ. ಹಕ್ಕಿ ಸರ್ಕಾರದ್ದಿರಬಹುದು, ಮರಗಳಲ್ಲಿ ಬಹಳಷ್ಟು ಖಾಸಗಿಯವರದು. ನನ್ನ ಮಾತೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

ಊರು ಮೊದಲು ಶಿಂಷಾ ಹೊಳೆಯ ದಡದಲ್ಲಿತ್ತು, ಪ್ಲೇಗ್ ಬಂದು ಜನ ಜಾಗ ಬದಲಿಸಿದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ತಾಣವನ್ನು ಪಕ್ಷಿಶಾಸ್ತ್ರಜ್ಞರ ಗಮನಕ್ಕೆ ತಂದರು. ಊರವರಿಗಂತೂ ಹೊಸದಾಗಿ ತಿಳಿಯಬೇಕಾದ್ದು ಏನೂ ಇರಲಿಲ್ಲ. ಪ್ರತಿವರ್ಷ ಬರುವ ಈ ಹಕ್ಕಿಗಳನ್ನು ಅವರು ಬಾಣಂತನಕ್ಕೆ ತವರಿಗೆ ಬಂದ ಮಗಳಂತೆ ಕಂಡವರು.

ಆದರೆ ಪ್ರೀತಿಯನ್ನಷ್ಟೇ ಹೊಗಳಿ ಸುಮ್ಮನಾದರೆ ಆ ಊರಿಗೆ ಅನ್ಯಾಯ ಮಾಡಿದಂತೆ. ಹಕ್ಕಿ ಗೂಡು ಕಟ್ಟಿ ಮರಿ ಮಾಡುವ ತಿಂಗಳುಗಳಲ್ಲೇ ಹುಣಸೆಹಣ್ಣು ಬಡಿಯುವ ಸುಗ್ಗಿಯೂ ಬರುತ್ತದೆ. ಗೂಡಿರುವ ಮರ ಹತ್ತಿ ಕೊಂಬೆ ಬಡಿಯುವಂತಿಲ್ಲ, ಆ ವರ್ಷದ ಫಸಲು ಹೋದಂತೆಯೇ. ಅಂಗಳದ ತುಂಬ ಹಿಕ್ಕೆ, ಮೀನಿನ ನಾತ. ಮರದ ಬುಡದಲ್ಲಿ ಗುಂಡಿ ತೋಡಿ, ಹಿಕ್ಕೆಯನ್ನು ಕೆರೆಗೋಡಿನೊಂದಿಗೆ ಬೆರೆಸಿ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ, ನಿಜ. ಆದರೂ ಮನೆಯಲ್ಲಿ ಮದುವೆಯೋ ಕಾಯಿಲೆಯೋ ಎದುರಾದಾಗ ದೊಡ್ಡ ಹುಣಸೆಮರ ನಗದಾಗಿ ಕಾಣುವುದು ಸಹಜ. ಅಂಥ ಹೊತ್ತಿನಲ್ಲೂ ಕೊಡಲಿ ಹಾಕದವರಿಗೆ ಅರಣ್ಯ ಇಲಾಖೆ ಕೊಡುವ ಪರಿಹಾರವನ್ನು ಕೃಪೆಯೆಂದು ಕರೆಯಬಾರದು, ಅದು ಬಾಕಿ ತೀರಿಸುವುದು.

1990ರ ದಶಕದಲ್ಲಿ ಮೈಸೂರಿನ ನಿಸರ್ಗಾಸಕ್ತರ ತಂಡವೊಂದು ಇಲ್ಲಿ ಬಂದು ನಿಂತಿತು. ಊರಿನ ಹುಡುಗರು ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಗೂಡಿನಿಂದ ಬಿದ್ದ ಮರಿಗೆ ತಾಯಿಹಕ್ಕಿ ಕೆಳಗಿಳಿದು ಉಣಿಸುವುದಿಲ್ಲ, ನಾಯಿಗೋ ಹಸಿವಿಗೋ ಅದು ಬಲಿ. ಅಂಥ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವ ಕೆಲಸವನ್ನು ಅವರು ಕೈಗೆತ್ತಿಕೊಂಡರು. ಹೊರಗಿನಿಂದ ಬಂದವರು ಬುದ್ಧಿ ಹೇಳಿ ಹೋಗದೆ ಊರಿನ ಜೊತೆ ನಿಂತದ್ದರಿಂದಲೇ ಆ ಕೆಲಸ ಬೇರುಬಿಟ್ಟಿತು ಎಂಬುದು ನನ್ನ ದೃಢವಾದ ಅಭಿಪ್ರಾಯ.

2007ರಲ್ಲಿ ಬೆಳ್ಳೂರು ‘ಸಮುದಾಯ ಮೀಸಲು ಪ್ರದೇಶ’ ಎಂದು ಘೋಷಣೆಯಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಇದಕ್ಕೆ ದಾರಿ ಮಾಡಿತ್ತು. ಜನ ತಾವಾಗಿ ಮುಂದೆ ಬಂದರೆ ಮಾತ್ರ ಇಂಥ ಮೀಸಲು. ಅದರ ನಿರ್ವಹಣಾ ಸಮಿತಿಗೆ ಪಂಚಾಯಿತಿಯಿಂದ ಐದು ಜನ, ಇಲಾಖೆಯಿಂದ ಒಬ್ಬರು ಎಂದು ಆ ತಿದ್ದುಪಡಿ ಹೇಳಿತು. ಸಮಿತಿಯ ನಿರ್ಣಯವಿಲ್ಲದೆ ಅಲ್ಲಿನ ಭೂಬಳಕೆ ಬದಲಾಗುವಂತಿಲ್ಲ. ಐದಕ್ಕೆ ಒಂದು ಎಂಬ ಈ ಲೆಕ್ಕ ಸಣ್ಣದಲ್ಲ. ಆದರೆ ಆ ಐವರಲ್ಲಿ ಮರದ ಮಾಲೀಕರು ಎಷ್ಟು ಮಂದಿ, ಹಿಕ್ಕೆ ಗುಡಿಸುವ ಹೆಣ್ಣುಮಕ್ಕಳು ಎಷ್ಟು ಮಂದಿ ಎಂದು ಇಂಥ ಪ್ರತಿಯೊಂದು ಸಮಿತಿಯನ್ನೂ ನಾವು ಕೇಳಬೇಕು.

ಇನ್ನೊಂದು ಕಷ್ಟ ಊರಿನ ಗಡಿಯಾಚೆಗಿದೆ. ಗೂಡು ಬೆಳ್ಳೂರಿನಲ್ಲಾದರೂ ಊಟ ಶಿಂಷಾ ಹೊಳೆಯಲ್ಲಿ, ಸುತ್ತಲಿನ ಕೆರೆಗಳಲ್ಲಿ. 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಮೀನಿನ ಮೂಲಕ ಹೊಟ್ಟೆ ಸೇರಿದ ಜಂತುಹುಳುಗಳು ಆ ಹೆಣಗಳಲ್ಲಿ ಸಿಕ್ಕವು. ಬೆಳ್ಳೂರಿನವರು ಎಷ್ಟೇ ಎಚ್ಚರವಾಗಿದ್ದರೂ ಬೇರೆ ಊರಿನ ಕೆರೆಯ ನೀರನ್ನು ಅವರು ಕಾಯಲಾರರು. ಹಕ್ಕಿ ಹಾರುವಷ್ಟು ದೂರದ ಕೆರೆಗಳ ಪಂಚಾಯಿತಿಗಳೂ ಮೀನುಗಾರರೂ ಒಂದೇ ಜಗಲಿಯಲ್ಲಿ ಕೂರಬೇಕು. ಕೊಳಚೆ ಎಲ್ಲಿಂದ ಸೇರುತ್ತಿದೆ, ಬೇಸಿಗೆಯಲ್ಲಿ ಕೆರೆಯಲ್ಲಿ ಎಷ್ಟು ನೀರು ಉಳಿಸಬೇಕು ಎಂಬುದು ಅಲ್ಲಿ ತೀರ್ಮಾನವಾಗಲಿ. ಮೀನು ಹಿಡಿಯುವ ಹರಾಜಿನ ಕರಾರಿನಲ್ಲೇ ಹಕ್ಕಿಗಳ ಪಾಲನ್ನೂ ಬರೆಯಲಿ, ಅದರಿಂದ ಗುತ್ತಿಗೆದಾರನಿಗಾಗುವ ನಷ್ಟವನ್ನು ಸರ್ಕಾರ ತುಂಬಿಕೊಡಲಿ.