ಲೇಆಫ್ ಕೋಣೆಯಲ್ಲಿ ಸಹಿ ಹಾಕುವ ಮುಂಚೆ

ಭಾನುವಾರದ ಮೆಗಾಬ್ಲಾಕ್ ದಾಟಿಕೊಂಡು ಡೊಂಬಿವಿಲಿ, ಠಾಣೆ, ವಾಶಿಯಿಂದೆಲ್ಲ ಬಂದಿದ್ದೀರಿ. ಥ್ಯಾಂಕ್ಸ್.

ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಎಂಟೆಕ್ ಮುಗಿಸಿ ಮುಂಬಯಿಗೆ ಬಂದು ಕೋಡ್ ಬರೆದುಕೊಂಡು ಇರೋನು. ಕಾರ್ಮಿಕ ಕಾನೂನನ್ನು ನಾನು ಆಸಕ್ತಿಯಿಂದ ಓದಿದ್ದಲ್ಲ, ನನ್ನ ಕೆಲಸ ಹೋಗುವ ಹೊತ್ತಿಗೆ ಓದಬೇಕಾಗಿ ಬಂತು.

ಎರಡು ವರ್ಷದ ಹಿಂದೆ, ಒಂದು ಗುರುವಾರ, ಮಧ್ಯಾಹ್ನ ಮೂರು ಗಂಟೆ. ಕ್ಯಾಲೆಂಡರಿನಲ್ಲಿ ‘ಕ್ವಿಕ್ ಕನೆಕ್ಟ್’ ಅಂತ ಒಂದು ಮೀಟಿಂಗ್ ಬಂತು. ಹೋದರೆ ಒಳಗೆ ಮ್ಯಾನೇಜರ್, ಪಕ್ಕದಲ್ಲಿ ನಾನು ಹಿಂದೆ ನೋಡಿರದ ಒಬ್ಬ ಎಚ್‌ಆರ್. ಟೇಬಲ್ ಮೇಲೆ ಎರಡು ಕಾಗದ. ಒಂದು ರಾಜೀನಾಮೆ ಪತ್ರ, ಅದರಲ್ಲಿ ನನ್ನ ಹೆಸರು ಟೈಪ್ ಆಗಿತ್ತು. ‘ವೈಯಕ್ತಿಕ ಕಾರಣಗಳಿಂದ’ ಅಂತ ಕಾರಣವನ್ನೂ ಅವರೇ ಬರೆದಿದ್ದರು. ಇನ್ನೊಂದು ಸೆಟಲ್‌ಮೆಂಟ್ ಅಗ್ರಿಮೆಂಟ್. ಐದು ಗಂಟೆಯೊಳಗೆ ಸಹಿ ಹಾಕಿದರೆ ಎರಡು ತಿಂಗಳ ಸಂಬಳ ಮತ್ತು ಒಳ್ಳೆ ರಿಲೀವಿಂಗ್ ಲೆಟರ್. ಇಲ್ಲದಿದ್ದರೆ ಟರ್ಮಿನೇಶನ್, ‘ಮುಂದೆ ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಕಷ್ಟ ಆಗಬಹುದು’ ಅಂದರು. ಎಂಟು ವರ್ಷ ಕೆಲಸ ಮಾಡಿದ ಜಾಗ. ಹೋಮ್ ಲೋನ್ ತೆಗೆದುಕೊಂಡು ಹದಿನಾಲ್ಕು ತಿಂಗಳಾಗಿತ್ತು.

ಬಾತ್‌ರೂಮಿಗೆ ಹೋಗ್ತೀನಿ ಅಂತ ಎದ್ದು ಹೊರಗೆ ಬಂದು ನಮ್ಮ ಬಿಲ್ಡಿಂಗಿನ ರಾಯರಿಗೆ ಫೋನ್ ಮಾಡಿದೆ. ಅವರು ಕುಂದಾಪುರದವರು, ಬ್ಯಾಂಕಿನಲ್ಲಿದ್ದು ಯೂನಿಯನ್ ಕೆಲಸ ಮಾಡಿ ನಿವೃತ್ತರಾದವರು. ಪೂರ್ತಿ ಕೇಳಿ ಒಂದೇ ಮಾತು ಹೇಳಿದರು: “ಸಹಿ ಹಾಕಲಿಕ್ಕೆ ಒಂದು ನಿಮಿಷ ಸಾಕು ಮಾರಾಯ. ಹಾಕಿದ್ದನ್ನು ತೆಗೀಲಿಕ್ಕೆ ವರ್ಷ ಸಾಲದು. ಇವತ್ತು ಹಾಕಬೇಡ, ಮನೆಗೆ ಬಾ.”

ನಾನು ಒಳಗೆ ಹೋಗಿ, “ಡಾಕ್ಯುಮೆಂಟ್ ಮೇಲ್ ಮಾಡಿ ಸರ್, ಓದಿ ಸೋಮವಾರ ಹೇಳ್ತೀನಿ” ಅಂದೆ. ಗಂಟಲು ಒಣಗಿತ್ತು. ಆದರೆ ಐದು ಗಂಟೆಗೆ ಆಕಾಶವೇನೂ ಬೀಳಲಿಲ್ಲ. ಸೋಮವಾರದವರೆಗೆ ಟೈಮ್ ಸಿಕ್ಕಿತು.

ಇದು ನನ್ನೊಬ್ಬನ ಕಥೆ ಅಲ್ಲ. 2025ರ ಜುಲೈ ಕೊನೆಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಪುಣೆಯ ನೈಟ್ಸ್ ಸಂಘಟನೆ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ಪತ್ರ ಬರೆಯಿತು. ಬೆಂಗಳೂರಿನ ಐಟಿ ನೌಕರರ ಸಂಘ ಕೆಐಟಿಯು ಕರ್ನಾಟಕದ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿತು. ಆ ವಾರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “ನಮಗೆ ಲೇಬರ್ ಲಾ ಅನ್ವಯ ಆಗುತ್ತಾ? ಅದು ಫ್ಯಾಕ್ಟರಿಯವರಿಗೆ ಅಲ್ವಾ?”

ಈ ಊರಿನಲ್ಲಿ ಕಾರ್ಮಿಕ ಅಂದ ಕೂಡಲೇ ಗಿರಣಗಾಂವ್ ನೆನಪಾಗುತ್ತೆ. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಮಿಲ್ ಕೆಲಸಗಾರರು ಮುಷ್ಕರಕ್ಕೆ ಇಳಿದರು. ಆಮೇಲೆ ಮಿಲ್‌ಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲಿನ ಆ ಮಿಲ್ ಕಾಂಪೌಂಡುಗಳಲ್ಲೇ ಇವತ್ತು ಗಾಜಿನ ಆಫೀಸುಗಳಿವೆ. ಅಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ನಾವು ‘ಕಾರ್ಮಿಕರು ಅಂದರೆ ಬೇರೆ ಯಾರೋ’ ಅಂದುಕೊಂಡಿದ್ದೀವಿ.

ಕಾನೂನು ಹಾಗೆ ಹೇಳೋದಿಲ್ಲ. 1947ರ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ‘ವರ್ಕ್‌ಮನ್’ ಅನ್ನುವುದರೊಳಗೆ ತಾಂತ್ರಿಕ ಕೆಲಸ ಮಾಡುವವರೂ ಬರುತ್ತಿದ್ದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಇಂಡಸ್ಟ್ರಿಯಲ್ ರಿಲೇಶನ್ಸ್ ಕೋಡ್‌ನಲ್ಲೂ ‘ಟೆಕ್ನಿಕಲ್’ ಅನ್ನುವ ಪದ ಹಾಗೇ ಇದೆ. ಹೊರಗೆ ಉಳಿಯುವವರು ಮುಖ್ಯವಾಗಿ ಮ್ಯಾನೇಜರ್ ಅಥವಾ ಆಡಳಿತದ ಕೆಲಸ ಮಾಡುವವರು, ಮತ್ತೆ 18,000 ರೂಪಾಯಿಗಿಂತ ಹೆಚ್ಚು ವೇತನದ ಮೇಲ್ವಿಚಾರಕರು. ತಾಂತ್ರಿಕ ಕೆಲಸಕ್ಕೆ ಸಂಬಳದ ಮಿತಿ ಇಲ್ಲ. ಕೋರ್ಟು ನೋಡುವುದು ನಿಮ್ಮ ಡೆಸಿಗ್ನೇಶನ್ ಅಲ್ಲ, ನೀವು ನಿಜವಾಗಿ ಏನು ಕೆಲಸ ಮಾಡ್ತಿದ್ದಿರಿ ಅನ್ನೋದು. ಯಾರಿಗೂ ರಜೆ ಮಂಜೂರು ಮಾಡುವ ಅಧಿಕಾರ ಇಲ್ಲದೆ, ದಿನವಿಡೀ ಕೋಡ್, ಟೆಸ್ಟ್, ಸಪೋರ್ಟ್ ಟಿಕೆಟ್ ನೋಡ್ತಿದ್ದರೆ ‘ಲೀಡ್’ ಅನ್ನುವ ಹೆಸರು ಮಾತ್ರದಿಂದ ನೀವು ಮ್ಯಾನೇಜರ್ ಆಗಲ್ಲ.

ಉದಾಹರಣೆಯೂ ಇದೆ. 2015ರಲ್ಲಿ ಟಿಸಿಎಸ್‌ನಿಂದ ಕೆಲಸ ಕಳೆದುಕೊಂಡ ಚೆನ್ನೈನ ಒಬ್ಬ ಇಂಜಿನಿಯರ್ ಲೇಬರ್ ಕೋರ್ಟಿಗೆ ಹೋದರು. ಇವರು ಮ್ಯಾನೇಜರ್ ವರ್ಗದವರು ಅನ್ನುವ ವಾದವನ್ನು ಕೋರ್ಟು ಒಪ್ಪಲಿಲ್ಲ. ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು ಅಂತ ಆದೇಶ ಮಾಡಿತು. ಆದರೆ ಆ ಆದೇಶ ಬಂದಿದ್ದು 2022ರಲ್ಲಿ. ಏಳು ವರ್ಷ! ಹಕ್ಕಿದೆ ಅನ್ನೋದೂ ನಿಜ, ಅದಕ್ಕೆ ಕಾಯಬೇಕು ಅನ್ನೋದೂ ನಿಜ. ಎರಡನ್ನೂ ತಲೆಯಲ್ಲಿಟ್ಟುಕೊಂಡೇ ನಿರ್ಧಾರ ಮಾಡಬೇಕು.

ಈಗ ಲೆಕ್ಕಕ್ಕೆ ಬರೋಣ. ಕನಿಷ್ಠ ಒಂದು ವರ್ಷ ಕೆಲಸ ಮಾಡಿದ ‘ಕಾರ್ಮಿಕ’ನನ್ನು ಕಂಪನಿ ಹೆಚ್ಚುವರಿ ಅಂತ ತೆಗೆದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ವೇತನ ಕೊಡಬೇಕು. ಆಫರ್ ಲೆಟರಿನಲ್ಲಿ ಮೂರು ತಿಂಗಳ ನೋಟಿಸ್ ಇದ್ದರೆ ಅದನ್ನೂ ಕೇಳಬಹುದು. ಗ್ರಾಚ್ಯುಟಿ ಇದರಲ್ಲಿ ಸೇರಲ್ಲ, ಅದು ಬೇರೆ. ಐದು ವರ್ಷ ತುಂಬಿದವರಿಗೆ ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿದಷ್ಟು.

ಇಲ್ಲಿ ವೇತನ ಅಂದರೆ ಸಿಟಿಸಿ ಅಲ್ಲ. ಲೆಕ್ಕಕ್ಕೆ ಬರುವ ವೇತನ 60,000, ಸರ್ವಿಸ್ ಎಂಟು ವರ್ಷ ಅಂತಿಟ್ಟುಕೊಳ್ಳಿ. ಪರಿಹಾರ ಸುಮಾರು 2,40,000. ಗ್ರಾಚ್ಯುಟಿ 2,76,923. ಇದರ ಮೇಲೆ ನೋಟಿಸ್ ಸಂಬಳ, ಉಳಿದ ರಜೆಯ ಹಣ.

ನಾನು ಶುಕ್ರವಾರ ರಾತ್ರಿ ಎಕ್ಸೆಲ್‌ನಲ್ಲಿ ಇದೇ ಲೆಕ್ಕ ಹಾಕಿದೆ. ಆಮೇಲೆ ಅಗ್ರಿಮೆಂಟ್ ಓದಿದರೆ, ಅವರು ಕೊಡ್ತೀವಿ ಅಂದ ಎರಡು ತಿಂಗಳ ಸಂಬಳದ ಕೆಳಗೆ ಸಣ್ಣ ಅಕ್ಷರದಲ್ಲಿ ‘ಗ್ರಾಚ್ಯುಟಿ ಸೇರಿ ಎಲ್ಲ ಬಾಕಿಗೂ ಪೂರ್ಣ ಮತ್ತು ಅಂತಿಮ’ ಅಂತ ಇತ್ತು. ಅಂದರೆ ನನ್ನದೇ ದುಡ್ಡನ್ನು ನನಗೆ ಉಡುಗೊರೆ ಅಂತ ಕೊಡ್ತಿದ್ದರು. ಗ್ರಾಚ್ಯುಟಿ ಕಾನೂನಿನ ಹಣ, ಯಾವ ಒಪ್ಪಂದದಿಂದಲೂ ಅದನ್ನು ಕಡಿಮೆ ಮಾಡಕ್ಕಾಗಲ್ಲ.

ಇನ್ನೊಂದು ಮುಖ್ಯ ವಿಷಯ, ಆ ರಾಜೀನಾಮೆ ಪತ್ರ. ನೀವಾಗಿಯೇ ರಾಜೀನಾಮೆ ಕೊಟ್ಟರೆ ಅದು ರಿಟ್ರೆಂಚ್‌ಮೆಂಟ್ ಆಗುವುದೇ ಇಲ್ಲ, ಪರಿಹಾರದ ಪ್ರಶ್ನೆಯೂ ಏಳಲ್ಲ. ಒತ್ತಾಯದಿಂದ ಬರೆಸಿಕೊಂಡರು ಅಂತ ಆಮೇಲೆ ವಾದ ಮಾಡಬಹುದು, ಆದರೆ ಸಾಕ್ಷಿ ನೀವೇ ಕೊಡಬೇಕು. ಅದಕ್ಕೇ ಕೋಣೆಯಿಂದ ಹೊರಗೆ ಬಂದ ತಕ್ಷಣ ಒಂದು ಮೇಲ್ ಕಳಿಸಿ: ‘ಇವತ್ತಿನ ಮೀಟಿಂಗಿನಲ್ಲಿ ರಾಜೀನಾಮೆ ಕೊಡಲು ಹೇಳಿದಿರಿ, ಕಾರಣವನ್ನು ಲಿಖಿತವಾಗಿ ತಿಳಿಸಿ.’ ಜಗಳದ ಭಾಷೆ ಬೇಡ. ಆಫರ್ ಲೆಟರ್, ಪೇಸ್ಲಿಪ್, ಅಪ್ರೈಸಲ್ ಪತ್ರಗಳು ನಿಮ್ಮ ಹತ್ತಿರ ಮೊದಲೇ ಇರಲಿ, ಲ್ಯಾಪ್‌ಟಾಪ್ ಲಾಕ್ ಆದಮೇಲೆ ಸಿಗಲ್ಲ. ಆದರೆ ಕಂಪನಿಯ ಕೋಡ್, ಕ್ಲೈಂಟ್ ಫೈಲ್ ಮುಟ್ಟಬೇಡಿ, ಅವರ ಕೈಗೆ ನಾವೇ ಕಾರಣ ಕೊಟ್ಟ ಹಾಗಾಗುತ್ತೆ.

ಆನ್‌ಸೈಟ್ ಹೋಗಿ ಬಂದವರಿಗೆ ಗೊತ್ತಿರಬಹುದು. ಇಂಗ್ಲೆಂಡಿನಲ್ಲಿ ನೌಕರನಿಗೆ ಸ್ವತಂತ್ರ ಕಾನೂನು ಸಲಹೆ ಸಿಗದೆ ಸೆಟಲ್‌ಮೆಂಟ್ ಅಗ್ರಿಮೆಂಟಿಗೆ ಬೆಲೆ ಇಲ್ಲ. ಅಮೆರಿಕದಲ್ಲಿ 40 ದಾಟಿದವರಿಗೆ ವಯಸ್ಸಿನ ತಾರತಮ್ಯದ ದಾವೆ ಬಿಟ್ಟುಕೊಡುವ ಕಾಗದ ಕೊಟ್ಟರೆ ಯೋಚಿಸಲು 21 ದಿನ, ಗುಂಪು ಲೇಆಫ್ ಆದರೆ 45 ದಿನ, ಸಹಿ ಹಾಕಿದ ಮೇಲೂ ವಾಪಸ್ ತೆಗೆಯಲು 7 ದಿನ. ನಮ್ಮಲ್ಲಿ ಅಂಥ ನಿಯಮ ಇಲ್ಲ. ಆ ಸಮಯವನ್ನು ನಾವೇ ಕೇಳಿ ಪಡೆಯಬೇಕು.

ಸಿಕ್ಕ ಸಮಯದಲ್ಲಿ ಏನು ನೋಡಬೇಕು? ಹಣ ಯಾವ ತಾರೀಕಿಗೆ ಬರುತ್ತೆ ಅಂತ ಬರೆದಿದೆಯಾ. ಪಿಎಫ್, ಗ್ರಾಚ್ಯುಟಿ, ರಜೆ ಹಣ ಬೇರೆ ಬೇರೆ ಸಾಲಿನಲ್ಲಿ ಇದೆಯಾ. ರಿಲೀವಿಂಗ್ ಲೆಟರಿನ ಒಕ್ಕಣೆಯನ್ನು ಅಗ್ರಿಮೆಂಟಿಗೇ ಲಗತ್ತಿಸಿದ್ದಾರಾ. ‘ಒಂದು ವರ್ಷ ಪ್ರತಿಸ್ಪರ್ಧಿ ಕಂಪನಿ ಸೇರಬಾರದು’ ಅನ್ನುವ ಸಾಲಿಗೆ ಹೆದರಬೇಡಿ, ಕೆಲಸ ಬಿಟ್ಟ ನಂತರದ ಅಂಥ ನಿರ್ಬಂಧ 1872ರ ಕರಾರು ಕಾಯಿದೆಯ 27ನೇ ಕಲಂ ಪ್ರಕಾರ ನಿಲ್ಲಲ್ಲ. ಆದರೆ ಗೋಪ್ಯತೆಯ ಸಾಲು ನಿಲ್ಲುತ್ತೆ, ಅದನ್ನು ಪಾಲಿಸಿ. ಮತ್ತೆ ಮೆಡಿಕ್ಲೇಮ್. ನಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಊರಲ್ಲಿದ್ದು ಕಂಪನಿಯ ಗ್ರೂಪ್ ಪಾಲಿಸಿಯನ್ನೇ ನಂಬಿರ್ತಾರೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಬಗ್ಗೆ ಕೊನೆಯ ದಿನಕ್ಕೆ ಮುಂಚೆಯೇ ವಿಚಾರಿಸಿ.

ಹೆರಿಗೆ ರಜೆಯಲ್ಲಿರುವ ಅಕ್ಕ ತಂಗಿಯರಿಗೆ ಒಂದು ಮಾತು. ಆ ರಜೆಯ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಯಾವ ಕಾಗದಕ್ಕೂ ಫೋನಿನಲ್ಲಿ ಹೂಂ ಅನ್ನಬೇಡಿ.

ಮಾತುಕತೆ ಮುರಿದರೆ ಲೇಬರ್ ಕಮಿಷನರ್ ಆಫೀಸು ಇದೆ. ಮುಂಬಯಿಯವರಿಗೆ ಬಿಕೆಸಿಯ ಕಾಮಗಾರ್ ಭವನ. ಅಲ್ಲಿ ಮೊದಲು ಸಂಧಾನ, ಆಮೇಲೆ ಕೋರ್ಟು.

ನನ್ನ ಕಥೆ ಏನಾಯಿತು? ಸೋಮವಾರ ಲೆಕ್ಕದ ಶೀಟ್ ಜೊತೆ ಮೇಲ್ ಹಾಕಿದೆ. ಹತ್ತು ದಿನ ಎಳೆದಾಡಿದರು. ಕೊನೆಗೆ ನಾಲ್ಕು ತಿಂಗಳ ಸಂಬಳ, ಗ್ರಾಚ್ಯುಟಿ ಬೇರೆ, ಪತ್ರದಲ್ಲಿ ‘ವೈಯಕ್ತಿಕ ಕಾರಣ’ ಅನ್ನುವುದು ಹೋಯಿತು. ನಾನು ಸಹಿ ಹಾಕಿದೆ. ಕೋರ್ಟಿಗೆ ಹೋಗಲಿಲ್ಲ, ಇಎಂಐ ಏಳು ವರ್ಷ ಕಾಯಲ್ಲ. ಮತ್ತೊಂದು ಕೆಲಸ ಸಿಗಲು ಐದು ತಿಂಗಳಾಯಿತು. ಅದೇ ಗುರುವಾರ ನನ್ನ ಪಕ್ಕದ ಸೀಟಿನ ಹುಡುಗ ಐದು ಗಂಟೆಗೆ ಮುಂಚೆ ಸಹಿ ಹಾಕಿಬಿಟ್ಟಿದ್ದ. ನಾನು ಕೋಣೆಯಿಂದ ಹೊರಗೆ ಬಂದಾಗ ಅವನಿಗೂ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ನನ್ನ ತಲೆಯಲ್ಲಿ ನನ್ನ ಲೋನ್ ಮಾತ್ರ ಇತ್ತು. ಅವನಿಗೆ ಸಿಕ್ಕಿದ್ದು ಎರಡು ತಿಂಗಳ ಸಂಬಳ, ಅಷ್ಟೇ.

ಇವತ್ತು ಇಲ್ಲಿ ಮಾತಾಡಲು ಒಪ್ಪಿದ್ದು ಅವನನ್ನು ನೆನೆಸಿಕೊಂಡೇ. ನಿಮಗೆ ಆ ಮೀಟಿಂಗ್ ಬಂದರೆ ಸಹಿ ಹಾಕದೆ ಎದ್ದು ಬನ್ನಿ, ಬಂದವರು ಪಕ್ಕದ ಸೀಟಿನವರಿಗೂ ಹೇಳಿ. ಚಹಾ ಬಂದಿದೆ ಅನ್ಸುತ್ತೆ. ನಿಮ್ಮ ಪ್ರಶ್ನೆ ಇದ್ದರೆ ಅಲ್ಲೇ ಕೂತು ಮಾತಾಡೋಣ.